ಲಿಸ್ಬನ್ನಿನ ನಾಟಾ, ನಮ್ಮನೆ ಸಾಟಿ

ಮದುವೆ ಮನೆಯಲ್ಲಿ ಎಲೆಗೆ ಚಿರೋಟಿ ಬಿದ್ದ ತಕ್ಷಣ ನಾನು ಮಾಡುವ ಮೊದಲ ಕೆಲಸ ಅದನ್ನು ತಿರುಗಿಸಿ ತಳ ನೋಡುವುದು. ನಮ್ಮಮ್ಮ ಹತ್ತಿಸಿದ ಚಾಳಿ ಇದು. ತಳದಲ್ಲಿ ಸುರುಳಿ ಬಿಡಿಬಿಡಿಯಾಗಿ ಕಂಡರೆ ಅಡುಗೆಯವರ ಕೈ ಚೆನ್ನಾಗಿದೆ ಅಂತ. ಸುರುಳಿ ಮುಚ್ಚಿಕೊಂಡು ಎಲ್ಲ ಒಂದೇ ಮೈ ಆಗಿದ್ದರೆ ಪದರಗಳ ನಡುವಿನ ಸಾಟಿ, ಅಂದರೆ ತುಪ್ಪ-ಅಕ್ಕಿ ಹಿಟ್ಟಿನ ಲೇಪ, ಹಚ್ಚುವಾಗ ಕೈ ಬಿಗಿ ಹಿಡಿದಿದ್ದಾರೆ, ಇಲ್ಲವೇ ಲಟ್ಟಣಿಗೆಯಲ್ಲಿ ಅದುಮಿದ್ದಾರೆ ಅಂತ. ಪಕ್ಕದ ಎಲೆಯವರು ನೋಡಿ ನಕ್ಕರೂ ಬಿಟ್ಟಿಲ್ಲ. ಈ ಚಾಳಿ ಇಲ್ಲದೇ ಹೋಗಿದ್ದರೆ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ತಿಂದದ್ದು ನನ್ನ ಪಾಲಿಗೆ ಚೆನ್ನಾಗಿದ್ದ ಒಂದು ಸಿಹಿ ಅಷ್ಟೇ ಆಗಿರುತ್ತಿತ್ತು. ಮೈಸೂರಿಗೆ ಬಂದು ಎರಡು ತಿಂಗಳು ಮೈದಾ, ಬೆಣ್ಣೆ, ಓವನ್ನು ಅಂತ ಒದ್ದಾಡುತ್ತಿರಲಿಲ್ಲ.

ಹೋದದ್ದು ಅಕ್ಟೋಬರಿನಲ್ಲಿ, ಐದು ದಿನಕ್ಕೆ. ಮಗಳು ಯೂರೋಪಿನಲ್ಲಿ ಓದುತ್ತಿದ್ದಳು, ಅವಳಿಗೆ ರಜೆ ಸಿಕ್ಕಿತ್ತು. "ಅಮ್ಮಾ, ಪ್ಯಾರಿಸ್ ಎಲ್ಲರೂ ನೋಡ್ತಾರೆ, ನೀನು ಲಿಸ್ಬನ್ ನೋಡು. ಅಲ್ಲಿ ಒಂದು ಸಿಹಿ ಇದೆ, ನಿನಗೆ ಇಷ್ಟ ಆಗತ್ತೆ" ಅಂದಳು. ಅದರ ಹೆಸರು ಪಶ್ಟೆಲ್ ದ ನಾತಾ. ನಾತಾ ಅಂದರೆ ಅವರ ಭಾಷೆಯಲ್ಲಿ ಕೆನೆ. ನಮ್ಮ ಭಾಷೆಯಲ್ಲಿ ನಾತ ಅಂದರೆ ಏನು ಅಂತ ಹೇಳಬೇಕಿಲ್ಲವಲ್ಲ. ತಿನ್ನುವ ಪದಾರ್ಥಕ್ಕೆ ಆ ಹೆಸರು ಹೇಳಲು ನಾಲಿಗೆ ಹೊರಳದೆ ನಾನು ಮೊದಲ ದಿನದಿಂದಲೇ 'ನಾಟಾ' ಮಾಡಿಕೊಂಡೆ. ಇಲ್ಲೂ ಹಾಗೇ ಬರೆಯುತ್ತೇನೆ. ಅಂದ ಹಾಗೆ, ಅದರಲ್ಲಿ ಕೆನೆ ಇರುವುದೇ ಕಡಿಮೆ. ಹಾಲು, ಸಕ್ಕರೆ ಪಾಕ, ಮೊಟ್ಟೆಯ ಹಳದಿ, ಸ್ವಲ್ಪ ಮೈದಾ. ಮೈದಾ ಪದರಗಳ ಒಂದು ಪುಟ್ಟ ಬಟ್ಟಲು, ಅದರೊಳಗೆ ಈ ಕಸ್ಟರ್ಡು, ಮೇಲೆ ಅಲ್ಲಲ್ಲಿ ಸುಟ್ಟ ಕಪ್ಪು ಮಚ್ಚೆ.

ಮೊಟ್ಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ. ಹೊರಗೆ ಕೇಕು ತಿನ್ನುವಾಗ 'ಇದರಲ್ಲಿ ಮೊಟ್ಟೆ ಇದೆಯಾ' ಎಂದು ನಾನು ಕೇಳುವುದಿಲ್ಲ, ಅಷ್ಟರ ಮಟ್ಟಿನ ಸಸ್ಯಾಹಾರಿ. ಆದರೆ ಪೋರ್ಚುಗಲ್ಲಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಹಂದಿ ಕೊಬ್ಬು. ಅಲ್ಲಿ ಅದಕ್ಕೆ 'ಬಾಞ' ಅನ್ನುತ್ತಾರೆ, ಹಳೆಯ ಕಾಲದ ಸಿಹಿಗಳಲ್ಲಿ ಅದು ಧಾರಾಳವಾಗಿ ಬೀಳುತ್ತದೆ. 'ಸ್ವರ್ಗದ ಹಂದಿ ಕೊಬ್ಬು' ಅನ್ನುವ ಅರ್ಥದ ಹೆಸರಿನ ಬಾದಾಮಿ ಸಿಹಿಯೇ ಇದೆ. ಮಗಳು ಪ್ರತಿ ಅಂಗಡಿಯಲ್ಲೂ ಫೋನಿನಲ್ಲಿ ಬರೆದುಕೊಂಡ ಎರಡು ಪದ ತೋರಿಸುತ್ತಿದ್ದಳು, ಬೆಣ್ಣೆಯೋ ಬಾಞವೋ ಅಂತ. ಸಸ್ಯಾಹಾರಿಗಳು ಹೋದರೆ ಇದೊಂದನ್ನು ಮರೆಯಬೇಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲ ನಾಟಾ ಚೆನ್ನಾಗಿರಲಿಲ್ಲ. ಊರ ನಡುವಿನ ಚೌಕದಲ್ಲಿ, ಪ್ರವಾಸಿಗಳೇ ತುಂಬಿದ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟರು. ತಣ್ಣಗಿತ್ತು. ಬಟ್ಟಲು ಮೆತ್ತಗಾಗಿತ್ತು, ಒಳಗಿನದು ಗಟ್ಟಿ. ನಿನ್ನೆಯ ಬೆಣ್ಣೆ ಬಿಸ್ಕತ್ತನ್ನು ಗಿಣ್ಣಿನಲ್ಲಿ ಅದ್ದಿದ ಹಾಗೆ. "ಇದಕ್ಕಾ ಅಷ್ಟು ದೂರದಿಂದ ಕರೆದುಕೊಂಡು ಬಂದೆ?" ಅಂದೆ. ಮಗಳಿಗೆ ಮುಖ ಚಿಕ್ಕದಾಯಿತು.

ಮಾರನೆಯ ದಿನ ಬೆಳಿಗ್ಗೆ 15ಇ ಟ್ರಾಮು ಹತ್ತಿ ಬೆಲೇಂ ಎನ್ನುವ ಕಡೆ ಹೋದೆವು. ಬೆಲೇಂ ಅಂದರೆ ಬೆತ್ಲೆಹೆಮ್. ನದಿ ಸಮುದ್ರ ಸೇರುವ ದಿಕ್ಕಿನಲ್ಲಿರುವ ಬಡಾವಣೆ. ಅಲ್ಲಿ ಜೆರೋನಿಮೋಸ್ ಮಠ ಇದೆ, ಉದ್ದಕ್ಕೆ ಬೆಳ್ಳಗೆ ಹಬ್ಬಿಕೊಂಡ ಕಲ್ಲಿನ ಕಟ್ಟಡ. ಕಂಬಗಳ ಮೇಲೆ ಹಡಗಿನ ಹಗ್ಗ, ಗಂಟು, ಎಲೆಗಳನ್ನು ಕೆತ್ತಿದ್ದಾರೆ. ಬಾಗಿಲು ದಾಟಿದರೆ ಒಂದು ಕಡೆ ವಾಸ್ಕೋ ಡ ಗಾಮನ ಸಮಾಧಿ. ಶಾಲೆಯಲ್ಲಿ 1498, ಕಲ್ಲಿಕೋಟೆ ಎಂದು ಬಾಯಿಪಾಠ ಮಾಡಿದ ಮನುಷ್ಯ, ಕಲ್ಲಿನಲ್ಲಿ ಕೈಮುಗಿದುಕೊಂಡು ಮಲಗಿದ್ದಾನೆ. ಸತ್ತದ್ದು 1524ರಲ್ಲಿ, ನಮ್ಮ ಕೊಚ್ಚಿಯಲ್ಲಿ. ಮೂಳೆಗಳು ಆಮೇಲೆ ಇಲ್ಲಿಗೆ ಬಂದವು. ಆ ಮಠ ಕಟ್ಟಲು ಹಣ ಬಂದದ್ದು ಆಫ್ರಿಕಾ ಮತ್ತು ನಮ್ಮ ಕಡೆಯ ವ್ಯಾಪಾರದ ಮೇಲಿನ ನೂರಕ್ಕೆ ಐದರ ಸುಂಕದಿಂದ. ನಮ್ಮ ಕಡೆಯಿಂದ ಹೋದದ್ದರಲ್ಲಿ ಮುಖ್ಯವಾದದ್ದು ಕರಿಮೆಣಸು. ಮುಂದೆ ಇದೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಅವಳೊಡನೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. ಆ ಕಂಬಗಳ ಕೆಳಗೆ ನಿಂತಾಗ ನಾನು ಬೇಡವೆಂದರೂ ಮೆಣಸು ಲೆಕ್ಕ ಹಾಕಿದೆ. ನಮ್ಮ ಬೇಳೆ ಸಾರಿಗೆ ಅರ್ಧ ಚಮಚ.

ಮಠದ ಪಕ್ಕದ ಬೀದಿಯಲ್ಲೇ ಅಂಗಡಿ. ನೀಲಿ ಬಿಸಿಲುತಡೆ, ಒಳಗೆ ನೀಲಿ-ಬಿಳಿ ಹೆಂಚಿನ ಗೋಡೆಗಳು, ಒಂದರೊಳಗೊಂದು ಕೋಣೆಗಳು. 1837ರಿಂದ ನಡೆಯುತ್ತಿದೆ. ಕತೆ ಹೀಗೆ: ಮಠದಲ್ಲಿ ಬಟ್ಟೆಗೆ ಗಂಜಿಯ ಹಾಗೆ ಮೊಟ್ಟೆಯ ಬಿಳಿ ಹಚ್ಚಿ ಇಸ್ತ್ರಿ ಮಾಡುತ್ತಿದ್ದರು. ಹಳದಿ ರಾಶಿ ಉಳಿಯುತ್ತಿತ್ತು. ಅದನ್ನು ಸಕ್ಕರೆಯ ಜೊತೆ ಸೇರಿಸಿ ಸಿಹಿ ಮಾಡುವುದು ಆ ದೇಶದ ಮಠ, ಕಾನ್ವೆಂಟುಗಳಿಗೆಲ್ಲ ಅಭ್ಯಾಸವಾಗಿತ್ತು. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿತು. ಸನ್ಯಾಸಿಗಳಿಗೆ ಊಟಕ್ಕೆ ದಾರಿ ಬೇಕಾಯಿತು. ಹಾಗೆ ಸಿಹಿ ಬೀದಿಗೆ ಬಂತು. ಮೂಲ ಪಾಕವಿಧಾನ ಇವತ್ತಿಗೂ ಗುಟ್ಟು; 'ಪಶ್ಟೆಲ್ ದ ಬೆಲೇಂ' ಎಂದು ಕರೆಸಿಕೊಳ್ಳುವ ಹಕ್ಕು ಆ ಒಂದು ಅಂಗಡಿಗೆ ಮಾತ್ರ. ಉಳಿದವರದ್ದೆಲ್ಲ ನಾಟಾ. ಇಲ್ಲೊಂದು ತಮಾಷೆ. ನಾವು ದಿನಾ ಹೇಳುವ 'ಇಸ್ತ್ರಿ' ಪೋರ್ಚುಗೀಸರಿಂದಲೇ ಬಂದ ಪದ. ಚಾವಿಯೂ ಅವರದೇ, ಬಟಾಟೆಯೂ. ಇಳಿದುಕೊಂಡ ಕಡೆ ಕೌಂಟರಿನ ಹುಡುಗ ಕೀ ಕೊಡುತ್ತಾ 'ಶಾವ್' ಎಂದಾಗ ನನಗೆ ಧಾರವಾಡದ ಅತ್ತಿಗೆಯೇ ಎದುರು ನಿಂತ ಹಾಗಾಯಿತು. ಅವರ ಮನೆಯಲ್ಲಿ ಬೀಗದ ಕೈ ಅಂದರೆ ಯಾರಿಗೂ ತಿಳಿಯುವುದಿಲ್ಲ, ಚಾವಿ ಅನ್ನಬೇಕು.

ಸರತಿ ಸಾಲಿನ ಬಗ್ಗೆ ಒಂದು ಮಾತು. ಬೀದಿಯುದ್ದಕ್ಕೂ ಇದ್ದದ್ದು ಕಟ್ಟಿಸಿಕೊಂಡು ಹೋಗುವವರ ಸಾಲು. ನಾವು ತಿಳಿಯದೆ ಅದರಲ್ಲಿ ಅರ್ಧ ಗಂಟೆ ನಿಂತೆವು. ಕೂತು ತಿನ್ನುವವರು ಒಳಗೆ ಹೋಗಬೇಕು, ಅಲ್ಲಿ ಕೋಣೆಗಳು ಎಷ್ಟೊಂದು ಇವೆ ಅಂದರೆ ಜಾಗ ಬೇಗ ಸಿಗುತ್ತದೆ. ಕೂತೆವು. ತಟ್ಟೆಯಲ್ಲಿ ನಾಲ್ಕು ಬಂದವು, ಜೊತೆಗೆ ಎರಡು ಡಬ್ಬಿ: ಒಂದರಲ್ಲಿ ಸಕ್ಕರೆ ಪುಡಿ, ಇನ್ನೊಂದರಲ್ಲಿ ಚಕ್ಕೆ ಪುಡಿ. ಒಂದು ಚಿಲ್ಲರೆ ಯೂರೋ ಒಂದಕ್ಕೆ. ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ.

ಕಚ್ಚಿದೆ. ಮೊದಲು ಬಂದದ್ದು ಶಬ್ದ. ಗರಿಗರಿ ಅನ್ನುವುದಕ್ಕಿಂತ, ಒಣ ತರಗೆಲೆಯ ಮೇಲೆ ಕಾಲಿಟ್ಟ ಹಾಗೆ. ಪದರಗಳು ಸೀರೆಯ ಮೇಲೆಲ್ಲ ಉದುರಿದವು. ಆಮೇಲೆ ಒಳಗಿನದು, ಬಿಸಿ, ಇನ್ನೂ ಅಲುಗಾಡುವಷ್ಟು ಸಡಿಲ, ಸುಟ್ಟ ಸಕ್ಕರೆಯ ಒಂದೆಳೆ ಕಹಿ. ನಾಲಿಗೆ ಸುಟ್ಟುಕೊಂಡೆ. ಎರಡನೆಯದಕ್ಕೆ ಮೇಲೆ ಚಕ್ಕೆ ಉದುರಿಸಿ, ಸ್ವಲ್ಪ ಆರಲು ಬಿಟ್ಟೆ. ಆರುವ ತನಕ ಕೈ ಸುಮ್ಮನಿರಬೇಕಲ್ಲ. ಎತ್ತಿ ತಲೆಕೆಳಗೆ ಮಾಡಿದೆ.

ತಳದಲ್ಲಿ ಸುರುಳಿ ಇತ್ತು.

ಒಂದರ ಸುತ್ತ ಒಂದು, ನಡುವಿನಿಂದ ಅಂಚಿನವರೆಗೆ, ಕೂದಲೆಳೆಯ ಅಂತರದಲ್ಲಿ ಸುತ್ತುಗಳು, ಬಂಗಾರದ ಬಣ್ಣಕ್ಕೆ ತಿರುಗಿ. ಕಣ್ಣಿಗೆ ಪರಿಚಯ ಆಗುವ ಮೊದಲೇ ಹೆಬ್ಬೆರಳಿಗೆ ಪರಿಚಯವಾಯಿತು. ಮಗಳಿಗೆ ತೋರಿಸಿ "ನೋಡೇ, ಸಾಟಿ ಹಾಕಿದ್ದಾರೆ" ಅಂದೆ. ಪಕ್ಕದ ಮೇಜಿನ ಹೆಂಗಸು ನಮ್ಮ ಕಡೆ ನೋಡಿ, ತನ್ನದನ್ನೂ ತಿರುಗಿಸಿ ನೋಡಿದಳು. ಏನು ನೋಡಬೇಕೋ ಅವಳಿಗೆ ತಿಳಿಯಲಿಲ್ಲ ಅನ್ನಿಸುತ್ತದೆ.

ಚಿರೋಟಿ ಮಾಡದವರಿಗಾಗಿ: ಮೈದಾ ಮತ್ತು ಚಿರೋಟಿ ರವೆಗೆ ಚಿಟಿಕೆ ಉಪ್ಪು, ಕಾಸಿದ ತುಪ್ಪ ಹಾಕಿ ಗಟ್ಟಿಯಾಗಿ ಕಲಸಿ, ಚೆನ್ನಾಗಿ ನಾದಿ ಕಣಕ ಮಾಡುತ್ತೇವೆ. ತುಪ್ಪವನ್ನು ಅಕ್ಕಿ ಹಿಟ್ಟಿನ ಜೊತೆ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೆಣ್ಣೆಯ ಹಾಗೆ ಹಗುರ ಮಾಡಿದರೆ ಅದು ಸಾಟಿ. ನಾಲ್ಕೈದು ತೆಳು ಚಪಾತಿ ಒತ್ತಿ, ಒಂದರ ಮೇಲೊಂದು ಸಾಟಿ ಸವರಿ ಹೇರಿ, ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಬೆರಳಗಲಕ್ಕೆ ಕತ್ತರಿಸುವುದು. ಕತ್ತರಿಸಿದ ಮುಖ ಮೇಲೆ ಬರುವ ಹಾಗೆ ಇಟ್ಟು ಅಂಗೈಯಲ್ಲಿ ಒತ್ತಿ, ಹಗುರವಾಗಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಎಣ್ಣೆಯನ್ನು ಮೇಲೆ ಮೇಲೆ ಚಿಮುಕಿಸುತ್ತಾ ಕರಿದರೆ ಪದರ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಮೇಲೆ ಸಕ್ಕರೆ ಪುಡಿ, ಎಲೆಯಲ್ಲಿ ಬಾದಾಮಿ ಹಾಲು. ಪದರ, ಸಕ್ಕರೆ ಪುಡಿ, ಹಾಲಿನದೊಂದು ಸಿಹಿ. ಬೆಲೇಂನ ತಟ್ಟೆಯಲ್ಲಿದ್ದದ್ದೂ ಇವೇ ಮೂರು. ಅವರು ಹಾಲನ್ನು ಒಳಗೆ ತುಂಬಿ ಸುಟ್ಟಿದ್ದರು.

ನನ್ನ ಊಹೆ ಸರಿಯೋ ತಪ್ಪೋ ಎಂದು ಕಣ್ಣಾರೆ ನೋಡಬೇಕಾಯಿತು. ಬೆಲೇಂನಲ್ಲಿ ಗುಟ್ಟಿನ ಕೋಣೆಯೊಳಗೆ ಬಿಡುವುದಿಲ್ಲ. ಆದರೆ ಊರೊಳಗೆ, ಕವಿ ಕಮೋಯಿಶ್‌ ಪ್ರತಿಮೆಯ ಚೌಕದ ಹತ್ತಿರ, ಮಾಂತೈಗರೀಯಾ ಅಂತ ಒಂದು ಅಂಗಡಿ ಇದೆ. ಹೆಸರಿನ ಅರ್ಥವೇ ಬೆಣ್ಣೆ ಅಂಗಡಿ. ಹಿಂದೆ ಬೆಣ್ಣೆ ಮಾರುತ್ತಿದ್ದ ಜಾಗವಂತೆ. ಅಲ್ಲಿ ಅಡುಗೆಮನೆ ಗಾಜಿನ ಹಿಂದೆ ಎಲ್ಲರಿಗೂ ಕಾಣುವ ಹಾಗಿದೆ, ಹೊಸ ತಟ್ಟೆ ಒಲೆಯಿಂದ ಇಳಿದಾಗ ಗಂಟೆ ಬಾರಿಸುತ್ತಾರೆ. ಅಲ್ಲಿ ನಿಂತು ತಿನ್ನುವುದೇ ಹೆಚ್ಚು. ನಾನು ಒಂದು 'ಬೀಕಾ' ತೆಗೆದುಕೊಂಡು, ಅದು ಲಿಸ್ಬನ್ನಿನವರ ಒಂದು ಗುಟುಕಿನ ಕಾಫಿ, ಗಾಜಿಗೆ ಮೂಗು ಒತ್ತಿ ನಿಂತೆ. ಎಷ್ಟು ಹೊತ್ತು ಅಂದರೆ ಮಗಳು ಹೊರಗೆ ಹೋಗಿ ಫೋಟೋ ತೆಗೆದುಕೊಂಡು ವಾಪಸು ಬಂದಳು.

ಒಳಗೆ ಒಬ್ಬ ಹುಡುಗ, ಇಪ್ಪತ್ತೈದರ ಒಳಗಿನವನು. ಅವನ ಎಡಕ್ಕೆ ಕತ್ತರಿಸಿಟ್ಟ ಹಿಟ್ಟಿನ ಬಿಲ್ಲೆಗಳು, ಬಲಕ್ಕೆ ಸಾಲುಸಾಲು ಲೋಹದ ಬಟ್ಟಲು, ನಡುವೆ ಒಂದು ಬೋಗುಣಿ ನೀರು. ಬಿಲ್ಲೆಯನ್ನು ಸುರುಳಿಯ ಮುಖ ಕೆಳಗೆ ಬರುವ ಹಾಗೆ ಬಟ್ಟಲಿಗೆ ಹಾಕುತ್ತಾನೆ. ಹೆಬ್ಬೆರಳನ್ನು ನೀರಿಗೆ ಅದ್ದುತ್ತಾನೆ. ನಡುವೆ ಒಂದು ಸಲ ಒತ್ತಿ, ಬಟ್ಟಲನ್ನು ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ ಹೆಬ್ಬೆರಳಿನಿಂದ ಹಿಟ್ಟನ್ನು ಗೋಡೆಗೆ ಏರಿಸುತ್ತಾನೆ. ತಳ ಕಾಗದದಷ್ಟು ತೆಳು, ಅಂಚು ಸ್ವಲ್ಪ ದಪ್ಪ, ಬಟ್ಟಲಿನ ಬಾಯಿಗಿಂತ ಒಂದು ಕೂದಲು ಮೇಲೆ. ನಾನು ಎಣಿಸಿದೆ: ಒಂದಕ್ಕೆ ಐದಾರು ಸೆಕೆಂಡು. ಹಿಟ್ಟು ಬೆರಳಿಗೆ ಅಂಟದಿರಲು ನಮ್ಮಮ್ಮ ಎಣ್ಣೆ ಮುಟ್ಟುತ್ತಾರೆ, ಅವನು ನೀರು ಮುಟ್ಟುತ್ತಾನೆ. ವ್ಯತ್ಯಾಸ ಅಷ್ಟೇ. ಅವನು ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ನಾನು ಗಾಜಿನ ಈಚೆ ಕೈಯಲ್ಲೇ ಚಿರೋಟಿ ಒತ್ತಿ ತೋರಿಸಿದೆ. ಅವನಿಗೆ ಏನು ಅರ್ಥವಾಯಿತೋ, ಹೆಬ್ಬೆರಳು ಎತ್ತಿ ತೋರಿಸಿದ.

ಉಳಿದ ಮೂರು ದಿನದಲ್ಲಿ ಎಷ್ಟು ತಿಂದೆ ಅನ್ನುವುದು ಇಲ್ಲಿ ಬೇಡ. ಬೇರೆ ಸಿಹಿಗಳನ್ನೂ ರುಚಿ ನೋಡಿದೆ, ಎಲ್ಲ ಹಳದಿಯವೇ, ಎಲ್ಲ ವಿಪರೀತ ಸಿಹಿ. ಹೋಳಿಗೆ ತಿಂದು ಬೆಳೆದ ನನಗೇ ವಿಪರೀತ ಅನ್ನಿಸಿತು ಅಂದರೆ ಲೆಕ್ಕ ಹಾಕಿ. ಮೊಟ್ಟೆಯ ಹಳದಿಯನ್ನು ಪಾಕದಲ್ಲಿ ಶಾವಿಗೆಯ ಹಾಗೆ ಎಳೆ ಬಿಟ್ಟದ್ದು ಮಾತ್ರ ನೋಡಲು ಚೆನ್ನಾಗಿತ್ತು. ಅದೇ ಎಳೆ ಥಾಯ್ಲೆಂಡಿಗೆ ಹೋಗಿ ಅಲ್ಲಿನವರ ಮದುವೆ ಸಿಹಿಯಾಗಿದೆ. ಹಡಗು ಹೋದಲ್ಲೆಲ್ಲ ಮೊಟ್ಟೆ-ಸಕ್ಕರೆಯೂ ಹೋಗಿದೆ.

ಹಿಂತಿರುಗುವ ದಿನ ಉದ್ದನೆಯ ಕಾಗದದ ಕೊಳವೆಯಲ್ಲಿ ಆರು ನಾಟಾ ಕಟ್ಟಿಸಿದೆ, ಜೊತೆಗೆ ಸಕ್ಕರೆ, ಚಕ್ಕೆಯ ಪುಟ್ಟ ಪೊಟ್ಟಣ. ಮೈಸೂರಿಗೆ ಬರುವಷ್ಟರಲ್ಲಿ ಅವು ಮೆತ್ತಗಾಗಿ ಕಣಕದ ಕಡೆಗೆ ವಾಪಸು ಹೊರಟಿದ್ದವು. ನಾಟಾವನ್ನು ವಿಮಾನದಲ್ಲಿ ತರಬೇಡಿ. ಅದರ ಆಯಸ್ಸು ಕೆಲವೇ ಗಂಟೆ.

ಹಾಗಾಗಿ ಮನೆಯಲ್ಲೇ ಮಾಡೋಣ ಅಂತಾಯಿತು. ಅಮ್ಮ ಇರುವುದು ಪಕ್ಕದ ರಸ್ತೆಯಲ್ಲಿ, ಅಣ್ಣನ ಮನೆಯಲ್ಲಿ, ಅದೊಂದು ಅನುಕೂಲ. ಓವನ್ನನ್ನು ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ ಸಾಗಿಸಿದೆ, ಮೊಟ್ಟೆಗೆಂದೇ ಒಂದು ಪಾತ್ರೆ, ಒಂದು ಸೌಟು ಬೇರೆ ಮಾಡಿದೆ. ಯಜಮಾನರು "ಇದೇನು ಹೊಸ ಮಡಿ?" ಅಂದರು.

ಮೊದಲ ಸಲ ಸಿಲಿಕೋನ್ ಕಪ್‌ಗಳು, ಓವನ್ನು 200 ಡಿಗ್ರಿ. ಕೇಕಿಗೆ ಅಷ್ಟೇ ಇಡುವುದು ತಾನೇ ಅಂತ. ಮೇಲೆ ಒಂದು ಮಚ್ಚೆಯೂ ಇಲ್ಲ, ತಳ ಹಸಿ ಹಿಟ್ಟು, ಒಳಗೆ ಗಿಣ್ಣು. ಗಿಣ್ಣು ಗಿಣ್ಣಾಗಿದ್ದರೆ ಇಷ್ಟ, ನಾಟಾದೊಳಗೆ ಅಲ್ಲ. ಇದರಿಂದ ಗೊತ್ತಾದದ್ದು: ನಾಟಾ ಬೇಯುವುದು ಕೇಕಿನ ಶಾಖದಲ್ಲಿ ಅಲ್ಲ, ರೊಟ್ಟಿಯ ಶಾಖದಲ್ಲಿ. ಅಲ್ಲಿನ ಅಂಗಡಿಗಳ ಒಲೆ 300 ಡಿಗ್ರಿಯ ಮೇಲೆ ಹೋಗುತ್ತದೆ. ಕಸ್ಟರ್ಡು ಗಟ್ಟಿಯಾಗುವ ಮೊದಲೇ ಮೇಲ್ಮೈ ಸುಟ್ಟು, ತಳ ಗರಿಯಾಗಿ ಮುಗಿದುಹೋಗಬೇಕು. ಹೊತ್ತು ಹೆಚ್ಚಾದರೆ ಮೊಟ್ಟೆ ಒಡೆದು ನೀರು ಬಿಡುತ್ತದೆ.

ನಮ್ಮ ಮನೆಯ ಓವನ್ನಿಗೆ 250 ಕೊನೆ. ಅದಕ್ಕೆ ಕಂಡುಕೊಂಡ ಉಪಾಯ ದೋಸೆ ಕಾವಲಿ. ಹಳೆಯ ಕಬ್ಬಿಣದ ಕಾವಲಿಯನ್ನು ಒಳಗಿಟ್ಟು, ಮೇಲಿನ-ಕೆಳಗಿನ ಎರಡೂ ಸುರುಳಿ ಹಾಕಿ ಮುಕ್ಕಾಲು ಗಂಟೆ ಕಾಯಿಸುವುದು. ಬಟ್ಟಲುಗಳನ್ನು ನೇರವಾಗಿ ಅದರ ಮೇಲೆ, ಆದಷ್ಟು ಮೇಲಿನ ಅಂತಸ್ತಿನಲ್ಲಿ ಇಡುವುದು. ಬಟ್ಟಲು ಲೋಹದ್ದೇ ಆಗಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳು ಅಲ್ಯೂಮಿನಿಯಂ ಟಾರ್ಟ್ ಬಟ್ಟಲು ಸಾಕು.

ಎರಡನೆಯ ಸಲ ಬೆಣ್ಣೆ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಹೋಗಿ ಬಂದವಳು ಮಾಡಲು ಹೊರಟದ್ದು ಮಾರ್ಚಿನಲ್ಲಿ. ಮಣೆಯ ಮೇಲೆ ಬೆಣ್ಣೆ ಹರಿದು ಹಿಟ್ಟಿನೊಳಗೆ ಸೇರಿಕೊಂಡಿತು, ಪದರ ಎಂಬುದೇ ಉಳಿಯಲಿಲ್ಲ. ಬೆಂದಾಗ ಕೆಳಗೆ ಸೋರಿ ಓವನ್ನು ಹೊಗೆಯಾಡಿ, ಮೇಲಿನ ಮನೆಯ ಹುಡುಗ ಓಡಿ ಬಂದ. ಆಗ ನನ್ನ ಜಾಣತನ ತಲೆ ಎತ್ತಿತು. ಬೆಣ್ಣೆ ಯಾಕೆ, ನಮ್ಮ ಸಾಟಿಯನ್ನೇ ಹಾಕಿದರೆ? ಅಕ್ಕಿ ಹಿಟ್ಟು ತುಪ್ಪವನ್ನು ಹಿಡಿದುಕೊಳ್ಳುತ್ತದೆ, ಸೋರುವುದಿಲ್ಲ. ಮೂರನೆಯ ಸಲ ಹಾಗೇ ಮಾಡಿದೆ. ಸುರುಳಿ ಅಂದವಾಗಿ ಬಂತು, ಒತ್ತಲು ಸುಖ, ಗರಿಯೂ ಆಯಿತು. ಆದರೆ ಅದು ಪುಡಿಯಾಗುವ ಗರಿ. ಬಾಯಲ್ಲಿ ನಾನ್‌ಖಟಾಯಿಯ ಕಡೆಗೆ ವಾಲಿತು, ತರಗೆಲೆಯ ಶಬ್ದ ಬರಲಿಲ್ಲ. ಕಾರಣ ಆಮೇಲೆ ಹೊಳೆಯಿತು. ತುಪ್ಪದಲ್ಲಿ ನೀರಿಲ್ಲ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ, ಆ ನೀರು ಬಿಸಿಗೆ ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಚಿರೋಟಿಗೆ ಆ ಎತ್ತುವ ಕೆಲಸವನ್ನು ಸುತ್ತಲೂ ಇರುವ ಬಿಸಿ ಎಣ್ಣೆ ಮಾಡುತ್ತದೆ, ಕಣಕದೊಳಗಿನ ನೀರೇ ಸಾಕಾಗುತ್ತದೆ. ಬಟ್ಟಲಿನ ಗೋಡೆಗೆ ಅಂಟಿಕೊಂಡು ಒಣ ಶಾಖದಲ್ಲಿ ಬೇಯುವ ಹಿಟ್ಟಿಗೆ ಸಾಕಾಗುವುದಿಲ್ಲ.

ಹಾಗಾಗಿ ಬೆಣ್ಣೆಗೇ ವಾಪಸು. ಈಗ ನಾನು ಮಾಡುವುದು ಹೀಗೆ, ಹದಿನಾಲ್ಕು ನಾಟಾಗಳ ಲೆಕ್ಕ. 200 ಗ್ರಾಂ ಮೈದಾ, ಚಿಟಿಕೆ ಉಪ್ಪು, ಸುಮಾರು 120 ಮಿಲಿ ತಣ್ಣೀರು. ಚಿರೋಟಿ ಕಣಕಕ್ಕಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡುತ್ತೇನೆ. 160 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಮೂರು ಪಾಲು ಮಾಡಿ, ಚೌಕವಾಗಿ ಲಟ್ಟಿಸಿದ ಹಿಟ್ಟಿನ ಮೇಲೆ ಒಂದು ಪಾಲು ಸವರಿ ಮೂರು ಮಡಿಕೆ ಹಾಕಿ ಲಟ್ಟಿಸುವುದು, ಇನ್ನೊಂದು ಪಾಲು, ಮತ್ತೆ ಮಡಿಕೆ. ಮೂರನೆಯ ಪಾಲು ಸವರಿದ ಮೇಲೆ ಮಡಿಸದೆ ಚಾಪೆಯ ಹಾಗೆ ಬಿಗಿಯಾಗಿ ಸುತ್ತುವುದು. ಪ್ರತಿ ಹಂತಕ್ಕೂ ಇಪ್ಪತ್ತು ನಿಮಿಷ ಫ್ರಿಜ್ಜು. ಸುತ್ತಿದ ಮೇಲೆ ರಾತ್ರಿಯಿಡೀ ಫ್ರಿಜ್ಜು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ನಮ್ಮ ಮೈಸೂರಿನ ಹವೆಗೆ ಬೆಳಿಗ್ಗೆ ಆರಕ್ಕೆ ಎದ್ದು ಲಟ್ಟಿಸುವುದು ಒಳ್ಳೆಯದು.

ಒಳಗಿನದಕ್ಕೆ 200 ಗ್ರಾಂ ಸಕ್ಕರೆ, 100 ಮಿಲಿ ನೀರು, ಒಂದು ಚೂರು ಚಕ್ಕೆ, ನಿಂಬೆ ಸಿಪ್ಪೆ ಹಾಕಿ ಪಾಕ. ಅವರ ಪುಸ್ತಕಗಳು ಉಷ್ಣಮಾಪಕ ಇಟ್ಟು ಡಿಗ್ರಿ ಹೇಳುತ್ತವೆ. ನಮಗೆ ಬೆರಳಿದೆ: ಒಂದೆಳೆ ಇನ್ನೇನು ಬಂತು ಅನ್ನುವಾಗ ಇಳಿಸಿ. ನಿಂಬೆ ಸಿಪ್ಪೆಗೆ ನಮ್ಮ ಸಣ್ಣ ನಿಂಬೆ ಬೇಡ, ಕಹಿ ಬಿಡುತ್ತದೆ. ಗಜನಿಂಬೆಯ ಮೇಲುಸಿಪ್ಪೆ, ಬಿಳಿ ಭಾಗ ಬರದ ಹಾಗೆ ಹೆರೆದದ್ದು, ಅಲ್ಲಿನ ವಾಸನೆಗೆ ಹತ್ತಿರ ಬರುತ್ತದೆ. ಚಕ್ಕೆಯಲ್ಲೂ ಗಮನ ಬೇಕು. ಅಂಗಡಿಯಲ್ಲಿ ಪಲಾವಿಗೆಂದು ಕೊಡುವ ದಪ್ಪ ತೊಗಟೆ ಒರಟು ಖಾರ. ಸಿಂಹಳದ ಚಕ್ಕೆ ಬೇರೆ, ಕಾಗದ ಸುತ್ತಿದ ಹಾಗೆ ತೆಳು ಪದರ ಪದರ, ಬೆರಳಲ್ಲೇ ಮುರಿಯುತ್ತದೆ. ಪೋರ್ಚುಗೀಸರು ಸಿಂಹಳದ ಕರಾವಳಿ ಹಿಡಿದು ಕೂತದ್ದು ಇದರ ಆಸೆಗೇ. 300 ಮಿಲಿ ಹಾಲಿನಲ್ಲಿ 25 ಗ್ರಾಂ ಮೈದಾ ಗಂಟಿಲ್ಲದೆ ಕದಡಿ, ಗಂಜಿಯಷ್ಟು ಗಟ್ಟಿಯಾಗುವ ತನಕ ಕಾಯಿಸಿ, ಪಾಕವನ್ನು ದಾರದ ಹಾಗೆ ಸುರಿಯುತ್ತಾ ಕೂಡಿಸಿ, ಉಗುರುಬೆಚ್ಚಗಾದ ಮೇಲೆ ಆರು ಹಳದಿ ಸೇರಿಸಿ, ಸೋಸಿ. ನೋಡಲು ನೀರಾಗಿ ಕಾಣುತ್ತದೆ, ಹೆದರಬೇಡಿ. ಬಟ್ಟಲಿಗೆ ಮುಕ್ಕಾಲು ಮಾತ್ರ. ನಾನು ಒಮ್ಮೆ ಆಸೆಗೆ ಅಂಚಿನವರೆಗೂ ಸುರಿದು, ಉಕ್ಕಿ, ಕಾವಲಿಯನ್ನು ತಿಕ್ಕುವಷ್ಟರಲ್ಲಿ ಕೈ ಬಿದ್ದುಹೋಯಿತು. ಹದಿನೈದು ನಿಮಿಷದ ಆಸುಪಾಸಿನಲ್ಲಿ ಮಚ್ಚೆ ಬರುತ್ತದೆ. ಗಡಿಯಾರಕ್ಕಿಂತ ಮಚ್ಚೆಯನ್ನು ನಂಬಿ.

ಉಳಿದ ಬಿಳಿಯನ್ನು ನಾನು ಸೀರೆಗೆ ಹಚ್ಚಿ ಇಸ್ತ್ರಿ ಮಾಡಲಿಲ್ಲ. ಅಂದು ಹೊಗೆಗೆ ಓಡಿ ಬಂದ ಮೇಲಿನ ಮನೆಯ ಹುಡುಗ ಜಿಮ್ಮಿಗೆ ಹೋಗುತ್ತಾನೆ, ಅವನಿಗೆ ಕೊಡುತ್ತೇನೆ. ಈಗ ಅವನೇ ಮೆಟ್ಟಿಲಲ್ಲಿ ಸಿಕ್ಕಾಗ "ಆಂಟಿ, ಈ ವಾರ ಮಾಡಲ್ವಾ?" ಅಂತ ಕೇಳುತ್ತಾನೆ.

ನಾಲ್ಕನೆಯ ಸಲ ಮಚ್ಚೆ ಬಂತು, ಶಬ್ದವೂ ಬಂತು. ಅವತ್ತು ತಿನ್ನುವಾಗ ಮನಸ್ಸಿಗೆ ಒಂದೇ ಚುಚ್ಚುತ್ತಿತ್ತು. ಸುರುಳಿ ಕಲಿಸಿದವರಿಗೇ ಇದನ್ನು ಕೊಡುವ ಹಾಗಿಲ್ಲ. ಅಮ್ಮನಿಗೆ ಎಂಬತ್ತೊಂದು, ಮೊಟ್ಟೆಯ ಹೆಸರು ಹೇಳಿದರೆ ಲೋಟದ ನೀರನ್ನೂ ಕುಡಿಯುವುದಿಲ್ಲ. ಮೊಟ್ಟೆ ಇಲ್ಲದ ಕಸ್ಟರ್ಡಿಗೆ ಕಸ್ಟರ್ಡ್ ಪೌಡರು ಇದ್ದೇ ಇದೆಯಲ್ಲ, ಚಿಕ್ಕಂದಿನಿಂದ ಹಣ್ಣು ಹಾಕಿ ತಿಂದದ್ದು. ಅದನ್ನು ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬಾತ ತಯಾರಿಸಿದ್ದು ಹೆಂಡತಿಗೆ ಮೊಟ್ಟೆ ಒಗ್ಗದ ಕಾರಣಕ್ಕೆ, ಅದೂ 1837ರಲ್ಲಿ. ಬೆಲೇಂನಲ್ಲಿ ಹಳದಿ ಮಾರಲು ಅಂಗಡಿ ತೆರೆದ ವರ್ಷವೇ ಇನ್ನೊಂದು ದೇಶದಲ್ಲಿ ಒಬ್ಬ ಹಳದಿಯನ್ನು ಬಿಟ್ಟು ದಾರಿ ಹುಡುಕಿದ್ದ.

ಬರೀ ಪೌಡರು ಹಾಕಿದರೆ ಮೇಲ್ಮೈ ಚರ್ಮ ಕಟ್ಟಿ ಸುಕ್ಕಾಗುತ್ತದೆ, ಮಚ್ಚೆ ಬರುವುದಿಲ್ಲ. ಅದಕ್ಕೆ ಎರಡು ದೊಡ್ಡ ಚಮಚ ಸಿಹಿ ಇಲ್ಲದ ಖೋವಾ ಕದಡಿದೆ, ಹಾಲನ್ನು ಸ್ವಲ್ಪ ಇಂಗಿಸಿದೆ. ಮಚ್ಚೆ ಬಂತು, ಆದರೆ ರುಚಿ ನಾಟಾದ್ದಲ್ಲ. ಬಾಸುಂದಿಯನ್ನು ಸುಟ್ಟ ಹಾಗೆ. ಕೆಟ್ಟದ್ದು ಅಂತ ಹೇಳಲಾರೆ, ನಾಟಾ ಅಂತಲೂ ಹೇಳಲಾರೆ. ಇದನ್ನು ಹೊಸ ಬಟ್ಟಲಿನಲ್ಲಿ, ಹೊಸ ಸೌಟಿನಲ್ಲಿ, ಅಣ್ಣನ ಮನೆಯ ಓವನ್ನಿನಲ್ಲೇ ಮಾಡಿದೆ. ನನ್ನ ಓವನ್ನು ಆಗಲೇ ಮೈಲಿಗೆಯಾಗಿತ್ತಲ್ಲ.

ಅಮ್ಮ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಹಿಟ್ಟಿನ ಸುರುಳಿಯನ್ನು ಫ್ರಿಜ್ಜಿನಿಂದ ತೆಗೆದು ಕತ್ತರಿಸುತ್ತಿದ್ದೆ. "ಇದೇನೇ, ಚಿರೋಟಿಗೆ ಇಷ್ಟು ಮೆತ್ತಗೆ ಕಲಸಿದೀಯ?"

"ಚಿರೋಟಿ ಅಲ್ಲಮ್ಮ. ಅಲ್ಲಿ ತಿಂದೆ ಅಂದೆನಲ್ಲ, ಅದು."

"ಸುರುಳಿ ಸರಿಯಾಗಿಲ್ಲ. ನಡುವೆ ಗಾಳಿ ಬಿಟ್ಟಿದೀಯ, ನೋಡು."

ನೋಡಿದೆ. ಬಿಟ್ಟಿದ್ದೆ. ಅವರು ಒಂದು ಬಿಲ್ಲೆ ತೆಗೆದುಕೊಂಡು ಬಟ್ಟಲಿಗೆ ಹಾಕಿ, ನಾನು ಏನೂ ಹೇಳುವ ಮೊದಲೇ ಹೆಬ್ಬೆರಳಿನಲ್ಲಿ ನಡುವೆ ಒತ್ತಿದರು. ಗಂಟುಬಿದ್ದ ಬೆರಳು, ಆದರೂ ಬಟ್ಟಲು ತಿರುಗಿತು, ಹಿಟ್ಟು ಗೋಡೆ ಏರಿತು. ಹನ್ನೆರಡು ಬಟ್ಟಲು ಅವರೇ ಒತ್ತಿದರು. ನನಗೆ ಎರಡು ಬಿಟ್ಟರು.

ಬೆಂದು ಬಂದ ಮೇಲೆ ಒಂದನ್ನು ತಟ್ಟೆಗೆ ಹಾಕಿಕೊಟ್ಟೆ. ತಿರುಗಿಸಿ ತಳ ನೋಡಿದರು. ತಲೆಯಾಡಿಸಿದರು. ಆಮೇಲೆ ಅದನ್ನು ಎರಡು ಕೈಯಲ್ಲೂ ಪುಡಿ ಮಾಡಿ, ಒಳಗಿನದೆಲ್ಲ ಪದರದ ಜೊತೆ ಕಲೆಸಿ, ನನ್ನ ಕಡೆ ನೋಡಿ ಕೇಳಿದರು:

"ಬಾದಾಮಿ ಹಾಲು ಎಲ್ಲೇ?"